ಒದ್ದೆ ಇದ್ದಿಲಿನ ಸೊಲ್ಲಾಪುರ ಬಸ್ಸು

ಪೆಟ್ರೋಲಿನ ಬಸ್ಸು ಓಡಿಸುವವನಿಗೆ ಕೈಕಾಲು ಗಟ್ಟಿ ಇದ್ದರೆ ಸಾಕು. ಇದ್ದಿಲಿನ ಬಸ್ಸು ಓಡಿಸುವವನಿಗೆ ಮೂಗು, ಕಿವಿ, ತಾಳ್ಮೆ ಮೂರೂ ಬೇಕು. ನನಗೆ ಮೊದಲಿನ ಎರಡು ಇದ್ದವು. ಮೂರನೆಯದನ್ನು ಜಹೀರಾಬಾದಿನಿಂದ ಎಂಟು ಮೈಲಿ ಆಚೆ, ರಸ್ತೆಯ ಒಂದು ಸಣ್ಣ ಸೇತುವೆಯ ಪಕ್ಕದಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ ಕಲಿತೆ.

ಅದು ದೊಡ್ಡ ಯುದ್ಧದ ಕಾಲ. ಇದ್ದಬದ್ದ ಪೆಟ್ರೋಲೆಲ್ಲ ದಂಡಿಗೆ ಹೋಗುತ್ತಿತ್ತು. ಖಾಸಗಿ ಬಸ್ಸಿನವರಿಗೆ ಚೀಟಿಯ ಮೇಲೆ ಸಿಗುತ್ತಿದ್ದದ್ದು ಎಂಜಿನ್ನಿನ ಗಂಟಲು ನೆನೆಸುವಷ್ಟು ಮಾತ್ರ. ಹೀಗಾಗಿ ನಮ್ಮ ಮಾಲೀಕರು ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ ಕೂಡಿಸಿದರು. ಕೂಡಿಸಲು ಬಂದ ಮಿಸ್ತ್ರಿ ಅದಕ್ಕೆ ಗ್ಯಾಸ್ ಪ್ಲಾಂಟ್ ಅಂದ, ನಾವು ಭಟ್ಟಿ ಅಂದೆವು. ಮೇಲಿನ ಬಾಯಿಂದ ಇದ್ದಿಲು ತುಂಬಿ ಮುಚ್ಚಳ ಬಿಗಿಯಬೇಕು. ಕೆಳಗಿನ ಕಿಂಡಿಗೆ ಸೀಮೆಎಣ್ಣೆಯ ಚಿಂದಿ ಹೊತ್ತಿಸಿ ಇಡಬೇಕು. ಆಮೇಲೆ ಕೈಪಂಖ ತಿರುಗಿಸುತ್ತ ನಿಲ್ಲಬೇಕು, ಹದಿನೈದು ನಿಮಿಷ, ತೋಳು ಸೋತುಹೋಗುವ ತನಕ. ಭಟ್ಟಿಯಿಂದ ಹೊರಟ ಗ್ಯಾಸು ಉದ್ದ ಕೊಳವೆಯಲ್ಲಿ ಹಾದು ತಣ್ಣಗಾಗಿ, ತೆಂಗಿನ ನಾರು ತುಂಬಿದ ಡಬ್ಬಿಯಲ್ಲಿ ಸೋಸಿ, ಎಂಜಿನ್ನಿಗೆ ಬರುತ್ತದೆ. ಅದನ್ನು ಎಂಜಿನ್ನಿಗೆ ಬಿಡುವ ಮುಂಚೆ ಪಕ್ಕದ ಪುಟ್ಟ ನಳಿಗೆಯ ಬಾಯಿಗೆ ಬೆಂಕಿಕಡ್ಡಿ ಹಿಡಿದು ನೋಡಬೇಕು. ಜ್ವಾಲೆ ನೀಲಿಯಾಗಿ ನಿಂತರೆ ಸರಿ. ಕೆಂಪಾದರೆ ಇನ್ನಷ್ಟು ಪಂಖ ಹೊಡೆಯಬೇಕು. ಹತ್ತದೇ ಹೋದರೆ ದೇವರೇ ಗತಿ.

ನಾನು ಕಮ್ಮಾರರ ಮನೆಯವನು. ತಾಂಡೂರಿನ ಸಮೀಪದ ಹಳ್ಳಿಯಲ್ಲಿ ನಮ್ಮಪ್ಪನ ಕುಲುಮೆ ಇತ್ತು. ಲಾರಿಯ ಮೇಲೆ ಕೆಲಸ ಕಲಿತು ಡ್ರೈವರನಾಗಿದ್ದೆ. ಈ ಹೊಸ ಬಸ್ಸಿಗೆ ನನ್ನನ್ನು ತೆಗೆದುಕೊಂಡಾಗ ಮಾಲೀಕರ ಮನೆಯವರೇ ಗೊಣಗಿದ್ದರು, ಹಳೆಯ ಡ್ರೈವರುಗಳು ಇರುವಾಗ ಕುಲುಮೆಯವನ ಕೈಗೆ ಚಕ್ರ ಯಾಕೆ ಎಂದು. ಮಾಲೀಕರು, "ಈ ಗಾಡೀಗಿ ಬೆಂಕಿ ಗೊತ್ತಿದ್ದಾಂವೇ ಬೇಕು" ಎಂದು ಬಾಯಿ ಮುಚ್ಚಿಸಿದ್ದರು. ಆ ಮಾತನ್ನು ನಾನು ಎದೆಯ ಮೇಲೆ ಬಿಲ್ಲೆಯ ಹಾಗೆ ಹಾಕಿಕೊಂಡು ಮೂರು ವಾರ ತಿರುಗಿದೆ.

ನಮ್ಮ ಬಸ್ಸು ವಾರಕ್ಕೆ ಎರಡು ಸಲ ಸೊಲ್ಲಾಪುರಕ್ಕೆ ಹೋಗುತ್ತಿತ್ತು. ಬೆಳಗಾಗುವ ಮೊದಲೇ ನಾರಾಯಣಖೇಡ ಬಿಟ್ಟು, ಎಂಟರ ಸುಮಾರಿಗೆ ಜಹೀರಾಬಾದು, ಅಲ್ಲಿಂದ ಹುಮನಾಬಾದು, ಉಮರ್ಗಾ, ನಳದುರ್ಗ. ನಳದುರ್ಗ ದಾಟಿದ ಮೇಲೆ ನಿಜಾಮರ ಸರಹದ್ದು ಮುಗಿಯುತ್ತಿತ್ತು. ಸೊಲ್ಲಾಪುರ ಇಂಗ್ರೇಜಿ ಸರಕಾರದ್ದು. ಎರಡರ ನಡುವೆ ಸುಂಕದ ನಾಕಾ, ಅದಕ್ಕೊಂದು ಅಡ್ಡ ಮರ, ಒಂದು ಸರಪಳಿ. ಹೊತ್ತು ಮುಳುಗಿದ ಕೂಡಲೇ ಸರಪಳಿಗೆ ಬೀಗ ಬೀಳುತ್ತಿತ್ತು. ಮತ್ತೆ ತೆಗೆಯುವುದು ಮರುದಿನ ಬೆಳಿಗ್ಗೆ ಎಂಟು ಹೊಡೆದ ಮೇಲೆ. ಯಾವ ನವಾಬರ ಮೋಟಾರಾದರೂ ಸರಿ, ತಡವಾದರೆ ಈಚೆಯ ಬೇವಿನ ಮರದ ಕೆಳಗೇ ಮಲಗಬೇಕು.

ಆ ದಿನದ ಕಥೆ ಹಿಂದಿನ ಸಂಜೆಯೇ ಶುರುವಾಯಿತು. ತಾಂಡೂರು ಕಡೆಯ ಕಾಡಿನಿಂದ ಜಾಲಿ ಮರದ ಇದ್ದಿಲು ರೈಲಿನಲ್ಲಿ ಜಹೀರಾಬಾದಿಗೆ ಬರುತ್ತಿತ್ತು. ಬೇರೆ ದಿನ ಅದು ಚೀಲದಲ್ಲೇ ಬರುತ್ತಿದ್ದರೆ, ಅಂದು ಚೀಲಗಳು ಹರಿದು ರಾಶಿಯಾಗಿ ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಸುರಿದುಕೊಂಡು, ಜರಡಿ ಹಿಡಿದು, ನಿಂಬೆಕಾಯಿ ಗಾತ್ರದ್ದನ್ನು ಆರಿಸಿ ಆರು ಹೊಸ ಚೀಲಗಳಿಗೆ ತುಂಬತೊಡಗಿದೆ. ಪಸ್ತಾಪುರದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಕರಿ ಪುಡಿ ಎದ್ದು ಚಹಾದ ಅಂಗಡಿಯೊಳಗೆ ನುಗ್ಗಿತು.

"ಏ ಡ್ರೈವರ್ ಸಾಬ್, ನನ್ನ ಚಹಾದಾಗ ಹಾಲಿಗಿಂತ ನಿನ್ನ ಇದ್ದಲೀನೇ ಜಾಸ್ತಿ ಆಗ್ಯಾದ ನೋಡು!" ಎಂದು ಚಹಾದವನು ಕೂಗಿದ.

ನಾನು ಹಿಂದೆಮುಂದೆ ನೋಡಲಿಲ್ಲ. ಬಕೆಟ್ಟು ತಂದೆ, ಬೇವಿನ ಟೊಂಗೆ ಮುರಿದೆ, ಅದ್ದಿ ಅದ್ದಿ ಇದ್ದಿಲಿನ ಮೇಲೆ ನೀರು ಚಿಮುಕಿಸಿದೆ. ಒಂದಲ್ಲ, ಮೂರು ಬಕೆಟ್ಟು. ಕಮ್ಮಾರನ ಮಗನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕುಲುಮೆಯಲ್ಲಿ ಬೆಂಕಿಯ ಸುತ್ತಲಿನ ಇದ್ದಿಲಿಗೆ ನೀರು ಹೊಡೆಯುತ್ತಲೇ ಇರಬೇಕು. ಆಗ ಬೆಂಕಿ ನಡುವೆ ಮಾತ್ರ ಉರಿಯುತ್ತದೆ, ಇದ್ದಿಲು ಉಳಿಯುತ್ತದೆ. ನನಗೆ ನಡೆದಾಡಲು ಬಂದಾಗಿನಿಂದ ಅದೇ ನನ್ನ ಕೆಲಸವಾಗಿತ್ತು. ಕೈ ತನ್ನಷ್ಟಕ್ಕೇ ಮಾಡಿತು. ಪುಡಿ ಅಡಗಿತು, ಚಹಾದವನು ಸುಮ್ಮನಾದ, ನಾನು ಚೀಲದ ಬಾಯಿ ಹೊಲಿದು ಬಸ್ಸಿನ ಮೇಲೆ ಏರಿಸಿ ನಾರಾಯಣಖೇಡಕ್ಕೆ ಹೊರಟೆ. ನೀರಿನ ವಿಷಯ ಮಿಸ್ತ್ರಿ ಹೇಳಿದ್ದನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೆ, ಬೆಂಕಿ ಗೊತ್ತಿದ್ದವನು ನಾನು, ಕೇಳಿಸಿಕೊಂಡಿರಲಾರೆ.

ಮರುದಿನ ನಸುಕಿನಲ್ಲಿ ಭಟ್ಟಿಯೊಳಗೆ ಹಳೆಯ ಒಣ ಇದ್ದಿಲು ಇನ್ನೂ ಅರ್ಧ ಇತ್ತು. ಜ್ವಾಲೆ ನೀಲಿಯಾಗಿ ಎದ್ದಿತು. ನಾನು ಪಂಖ ಬಿಟ್ಟು ಬೆವರು ಒರೆಸಿಕೊಳ್ಳುವಾಗ ಒಬ್ಬ ಹೆಂಗಸು ಹತ್ತಿರ ಬಂದಳು. ಇಪ್ಪತ್ತು ಇಪ್ಪತ್ತೆರಡರ ವಯಸ್ಸು, ಬಿಳಿ ಸೀರೆ, ಬಳೆ ಇಲ್ಲದ ಕೈ. ಹಿಂದೆ ತಗಡಿನ ಟ್ರಂಕು ಹೊತ್ತ ಹಿರಿಯರು, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ.

"ಅಣ್ಣಾ, ಇವತ್ತ ಸೊಲ್ಲಾಪುರ ಮುಟ್ಟತದಿಲ್ರಿ? ನಾಳಿ ಮುಂಜಾನಿ ಎಂಟಕ್ಕ ದವಾಖಾನಿ ಮುಂದ ನಿಂದ್ರಬೇಕಂತ ಕಾಗದ ಬಂದದ. ನರ್ಸಿನ ಕೆಲಸ ಕಲಸ್ತಾರ. ತಡಾ ಆದ್ರ ನನ್ನ ಜಾಗಾ ಇನ್ನೊಬ್ಬಾಕಿಗಿ ಕೊಡ್ತಾರಂತ."

"ಹೊತ್ತು ಮುಣಗೋದ್ರಾಗ ನಾಕಾ ದಾಟಸ್ತೀನಿ ತಂಗಿ. ನನ್ನ ಮಾತು," ಎಂದೆ.

ಟ್ರಂಕು ಮೇಲೇರಿಸುವಾಗ ಹಿರಿಯರು ಉಳಿದದ್ದು ಹೇಳಿದರು. ಆಕೆ ಅವರ ಸೊಸೆ. ಮಗ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಊರಿಗೆ ಬಂದ ಡಾಕ್ಟರಮ್ಮ ಈಕೆ ಬಾಣಂತಿಯರಿಗೆ ನೆರವಾಗುವುದನ್ನು ಕಂಡು ಸೊಲ್ಲಾಪುರಕ್ಕೆ ಬರೆದಿದ್ದರಂತೆ. ಮನೆಯಲ್ಲಿ ಈ ಹಿರಿಯರ ತಮ್ಮಂದಿರೆಲ್ಲ ವಿರೋಧ. ಕೊನೆಗೆ ಇವರು ಗುಡಿಗೆ ಹೋಗಿ ಹೂ ಕೇಳಿದ್ದರು. ನಮ್ಮ ಕಡೆ ಅದೊಂದು ಪದ್ಧತಿ. ದೇವರ ಎರಡೂ ಮಗ್ಗುಲಿಗೆ ನೀರಿನಿಂದ ಹೂವಿನ ಎಸಳು ಅಂಟಿಸಿ ಕಾಯುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ದೇವರು ಹೂಂ ಅಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಅಂದ ಹಾಗೆ.

"ಮೊನ್ನಿ ಮೂರು ಸಲ ಕೇಳೀನಿ ತಮ್ಮಾ. ಮೂರೂ ಸಲ ಬಲಕ್ಕೇ ಬಿತ್ತು," ಎಂದರು. ಆ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. "ದೇವರು ಹೋಗು ಅಂದಾನ, ಹೊಂಟೀನಿ. ತಿರುಗಿ ಹೋದ್ರ ಎರಡನೇ ಸಲ ಮನಿ ಮಂದಿ ಬಿಡಂಗಿಲ್ಲ."

ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಜಹೀರಾಬಾದಿಗೆ ಹೊತ್ತಿಗೆ ಸರಿಯಾಗಿ ಬಂದೆವು. ಅಲ್ಲಿ ಒಬ್ಬ ಕುರುಬರ ಅಜ್ಜ ಹುಮನಾಬಾದಿನ ಸಂತೆಗೆಂದು ಕಂಬಳಿಯ ದೊಡ್ಡ ಹೊರೆಯೊಂದಿಗೆ ಹತ್ತಿದ. ನಾನು ಹೊಸ ಚೀಲ ಎರಡು ಬಿಚ್ಚಿ ಭಟ್ಟಿಗೆ ಸುರಿದೆ. ಎತ್ತುವಾಗ ಚೀಲ ಭಾರ ಎನಿಸಿತು. ಗಟ್ಟಿ ಜಾಲಿ, ಒಳ್ಳೆಯ ಮಾಲು ಎಂದುಕೊಂಡೆ.

ಎಂಟನೆಯ ಮೈಲಿಯ ಏರಿನಲ್ಲಿ ಎಂಜಿನ್ನು ಕೆಮ್ಮಿತು. ಗೇರು ಇಳಿಸಿದೆ. ಇನ್ನೊಮ್ಮೆ ಕೆಮ್ಮಿ, ನಡುಗಿ, ನಿಂತೇಬಿಟ್ಟಿತು. ಮಂದಿಯನ್ನು ಇಳಿಸಿ ತಳ್ಳಿಸಿ ಏರು ದಾಟಿಸಿ, ಆಚೆ ಇಳಿಜಾರಿನ ಸೇತುವೆಯ ಪಕ್ಕ ನಿಲ್ಲಿಸಿದೆವು. ಹಿಂದೆ ಹೋಗಿ ನಳಿಗೆ ತೆರೆದು ಕಡ್ಡಿ ಗೀರಿದೆ. ಕಡ್ಡಿ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಅಂಗೈ ಅಡ್ಡ ಹಿಡಿದೆ. ಬಿಳಿ ಹಬೆ ಬಡಿದು ಅಂಗೈ ಒದ್ದೆಯಾಯಿತು.

ಬೇವಿನ ಟೊಂಗೆ, ಮೂರು ಬಕೆಟ್ಟು, ಭಾರದ ಚೀಲ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಕುಲುಮೆಗೆ ಒಳ್ಳೆಯದಾದ ನೀರೇ ಈ ಭಟ್ಟಿಯ ಜೀವ ತೆಗೆದಿತ್ತು. ನೀರು ಕುದಿಯುವುದರಲ್ಲೇ ಬೆಂಕಿ ಸೋತುಹೋಗುತ್ತಿತ್ತು, ಗ್ಯಾಸು ಹುಟ್ಟುವುದೆಲ್ಲಿಂದ?

ಆದರೆ ಬಾಯಿ ಬಿಡಲಿಲ್ಲ. ಕಂಡಕ್ಟರ್ ಇಳಿದು ಬಂದ. ದಖನಿ ಉರ್ದು ಮಾತಾಡುವ ಮನೆಯವನು, ಅಚ್ಚುಕಟ್ಟಿನ ಮನುಷ್ಯ, ಶರ್ಟಿನ ಕಾಲರಿಗೆ ಕರವಸ್ತ್ರ ಸಿಕ್ಕಿಸಿಕೊಳ್ಳುವವನು. "ನಾರು ಕಟ್ಟಿಕೊಂಡದ ಭಾಯಿ, ಮತ್ತೇನಿಲ್ಲ," ಎಂದು ತೀರ್ಮಾನಿಸಿ ಡಬ್ಬಿ ಬಿಚ್ಚಿದ. ನಾರನ್ನು ಹೊರಗೆಳೆದು ಸೇತುವೆಯ ಕೆಳಗಿನ ಗುಂಡಿಯಲ್ಲಿ ತೊಳೆದು, ಹಿಂಡಿ, ಬಿಸಿಲಿಗೆ ಝಾಡಿಸಿ, ಮತ್ತೆ ತುಂಬಿದ. ನಾನು ಪಂಖ ತಿರುಗಿಸಿದೆ. ಚೀಟಿಯ ಮೇಲೆ ಸಿಕ್ಕಿದ್ದನ್ನು ತುಂಬಿಟ್ಟ ಶೀಶೆಯಿಂದ ನಾಲ್ಕು ಹನಿ ಪೆಟ್ರೋಲು ಎಂಜಿನ್ನಿಗೆ ಕೊಟ್ಟಾಗ ಬಸ್ಸು ನೂರು ಗಜ ಹೋಗಿ ನಿಂತಿತು. ಎರಡನೆಯ ಸಲ ತೊಳೆದ. ಐವತ್ತು ಗಜ. ಮೂರನೆಯ ಸಲ ತೊಳೆಯುವಾಗ ಅವನ ಕರವಸ್ತ್ರವೂ ಕಪ್ಪಾಗಿತ್ತು.

"ಇದು ಆ ತಾಂಡೂರಿನಾಂವನ ಕೆಲಸ," ಎಂದ ಸಿಟ್ಟಿನಿಂದ. "ಹಸೀ ಕಟ್ಟಿಗಿ ಸುಟ್ಟು ಕಳಸ್ಯಾನ, ಬೇಇಮಾನ್. ಮಾಲೀಕರಿಗಿ ಹೇಳಿ ಅವನ ಮಾಲೇ ಬಂದ್ ಮಾಡಸ್ತೀನಿ. ಏನಂತಿ?"

ನಾನು ಹೂಂ ಎಂದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಇದ್ದಿಲು ಸುಟ್ಟು ಹೊಟ್ಟೆ ಹೊರೆಯುವ ಒಬ್ಬನ ಅನ್ನಕ್ಕೆ, ನನ್ನ ಮರ್ಯಾದೆ ಉಳಿಯಲೆಂದು, ಕಲ್ಲು ಹಾಕಲು ಸಿದ್ಧನಾಗಿದ್ದೆ.

ಅಷ್ಟರಲ್ಲಿ ಬಿಸಿಲು ನೆತ್ತಿಗೆ ಏರುತ್ತಿತ್ತು. ಮಂದಿ ಸೇತುವೆಯ ನೆರಳಿಗೆ ಇಳಿದಿದ್ದರು. ಕಾಕಾ ಮಾತ್ರ ರಸ್ತೆಯ ಮೇಲೆ ನಿಂತು ಭಟ್ಟಿಯನ್ನೇ ನೋಡುತ್ತಿದ್ದರು. ಪಶ್ಚಿಮದಿಂದ ಧೂಳೆಬ್ಬಿಸುತ್ತ ಪೆಟ್ರೋಲಿನ ಮೇಲೆ ಓಡುವ ಒಂದು ಲಾರಿ ಬಂತು, ಜಹೀರಾಬಾದಿನ ಧಾನ್ಯದ ವರ್ತಕನದು. ಕಾಕಾ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಇಬ್ಬರಿಗೆ ಜಾಗ ಇದೆ ಎಂದ ಲಾರಿಯವನು.

"ಟ್ರಂಕು ಇಳಸು ತಮ್ಮಾ," ಎಂದರು ಕಾಕಾ ನನಗೆ. "ಗುಡಿಯಾಗ ಬಲಕ್ಕ ಬಿತ್ತು, ದಾರಿಯಾಗ ಎಡಕ್ಕ ಬಿತ್ತು. ಮೂರು ಸಲ ಹೊಂಟದ, ಮೂರು ಸಲ ನಿಂತದ. ಇನ್ನೇನು ಹೇಳಬೇಕು ದೇವರು? ಬಾ ಅವ್ವಾ, ಮನೀಗಿ ಹೋಗೂನು."

ಸೊಸೆ ಅಲುಗಾಡಲಿಲ್ಲ. ಮಾವನಿಗೆ ಎದುರಾಡುವವಳಲ್ಲ, ಆದರೆ ಕಾಲು ಕಿತ್ತಿಡಲೂ ಇಲ್ಲ. ನನ್ನ ಕಡೆ ತಿರುಗಿ ಕೇಳಿದಳು, "ಅಣ್ಣಾ, ಇದು ನಡೀತದೋ ಇಲ್ಲೋ? ಖರೇ ಹೇಳ್ರಿ."

ಟ್ರಂಕು ಇಳಿಸಲು ನಾನು ಏಣಿಯ ಮೇಲೆ ಒಂದು ಕಾಲು ಇಟ್ಟಿದ್ದೆ. ಇಳಿಸಿ ಕೊಟ್ಟರೆ ನನ್ನ ಗುಟ್ಟು ಉಳಿಯುತ್ತಿತ್ತು. ಆಕೆ ನಾರಾಯಣಖೇಡಕ್ಕೆ ಮರಳುತ್ತಿದ್ದಳು, ಇಡೀ ಊರು ಅದು ದೇವರ ಇಚ್ಛೆ ಎನ್ನುತ್ತಿತ್ತು, ಆಕೆಯೂ ಹಾಗೇ ನಂಬಿ ಉಳಿದ ಆಯುಷ್ಯ ಕಳೆಯುತ್ತಿದ್ದಳು. ನನ್ನ ಮೂರು ಬಕೆಟ್ಟು ನೀರು ದೇವರ ಲೆಕ್ಕಕ್ಕೆ ಹೋಗುವುದನ್ನು ನೋಡಿ ನನಗೆ ಭಯವೇ ಆಯಿತು. ಏಣಿಯಿಂದ ಕಾಲು ತೆಗೆದೆ.

"ಕಾಕಾ, ಇದು ದೇವರ ಮಾತಲ್ರಿ. ಇದ್ದಲಿ ಒದ್ದಿ ಆಗ್ಯಾದ. ಒದ್ದಿ ಮಾಡ್ದಾಂವ ನಾನೇ. ಧೂಳು ಏಳತದಂತ ನಿನ್ನಿ ಸಂಜೀಕ ನೀರು ಹಾಕೀನಿ, ಕುಲುಮ್ಯಾಗ ಹಾಕ್ದಂಗ. ತಾಂಡೂರಿನಾಂವಂದು ತಪ್ಪಿಲ್ಲ, ನಾರಿಂದು ತಪ್ಪಿಲ್ಲ. ನಂದು."

ಕಂಡಕ್ಟರ್ ಕೈಯಲ್ಲಿದ್ದ ನಾರಿನ ಮುದ್ದೆಯನ್ನು ನನ್ನ ಕಾಲ ಮೇಲೆ ಎಸೆದ. "ಮೂರು ಸಲ ತೊಳದೀನಲ್ಲೋ! ಆವಾಗೇ ಹೇಳಾಕ ಬಾಯಿಗಿ ಏನಾಗಿತ್ತು ನಿಂಗ?" ಎಂದ.

ಕಾಕಾ ಮಾತ್ರ ಬೈಯಲಿಲ್ಲ. ಪಂಚಾಯಿತಿಯಲ್ಲಿ ಕೂತವರ ಹಾಗೆ ನಿಧಾನವಾಗಿ ಕೇಳಿದರು. "ಯಾವಾಗ ಹಾಕೀದಿ ನೀರು?"

"ನಿನ್ನಿ ಸಂಜೀಕ್ರಿ."

"ನಾ ಹೂ ಕೇಳಿದ್ದು ಮೊನ್ನಿ." ಬೆರಳು ಮಡಚಿ ಎಣಿಸಿದರು. "ಅಂದ್ರ ಹೂ ಬಿದ್ದ ಮ್ಯಾಲೆ ನೀರು ಬಿದ್ದದ. ಮತ್ತ ದೇವರಿಗಿ ಇದರ ಖಬರ್ ಇರಲಿಲ್ಲೇನು?"

"ದೇವರಿಗಿ ಎಲ್ಲಾ ಖಬರ್ ಇತ್ತು ಕಾಕಾ," ಎಂದ ಕಂಡಕ್ಟರ್ ಹಲ್ಲು ಕಡಿಯುತ್ತ, "ಈ ಡ್ರೈವರಗೇ ಇರಲಿಲ್ಲ."

ಆಗ ಸೊಸೆ ಮೊದಲ ಸಲ ಮಾವನ ಮುಂದೆ ಗಟ್ಟಿಯಾಗಿ ಮಾತಾಡಿದಳು. "ಮಾವಾರ, ಇದ್ದಲಿ ನೆಂದದ. ನೆಂದಿದ್ದು ಒಣಗತದ. ಇಷ್ಟಕ್ಕ ಮನೀಗಿ ಹೋಗೋದು ಬ್ಯಾಡ್ರಿ."

ಲಾರಿಯವನು ಹಾರ್ನ್ ಹೊಡೆದ. ಕಾಕಾ ಸೂರ್ಯನನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟು ಹೊತ್ತು ಬೇಕು?"

"ಎರಡು ತಾಸು ನಿಂತು ಒಣಗಿಸಿದ್ರ ಮುಟ್ಟತೀವಿ. ಹೀಂಗೇ ತಳ್ಳಿಕೋತ ಹೋದ್ರ ಮುಟ್ಟಂಗಿಲ್ಲ."

ಕಾಕಾ ಲಾರಿಯವನಿಗೆ ಹೋಗು ಎಂದು ಕೈ ಬೀಸಿದರು. ಆ ಧೂಳು ಇಳಿಯುವ ಮೊದಲೇ ನಾವು ಕೆಲಸ ಶುರು ಮಾಡಿದೆವು.

ಕಂಡಕ್ಟರನಿಗೆ ಇನ್ನೂ ಆಸೆ. ಶೀಶೆಯಲ್ಲಿದ್ದ ಪೆಟ್ರೋಲಿನಲ್ಲಿ ಹುಮನಾಬಾದು ಮುಟ್ಟಿ ಅಲ್ಲಿ ಬೇರೆ ಇದ್ದಿಲು ಹುಡುಕೋಣ ಎಂದ. ನಾನು ಒಪ್ಪಲಿಲ್ಲ. ಅಷ್ಟು ಪೆಟ್ರೋಲಿನಲ್ಲಿ ಹುಮನಾಬಾದಿನ ಅರ್ಧ ದಾರಿಯೂ ಆಗುತ್ತಿರಲಿಲ್ಲ, ಮೇಲಾಗಿ ನಳದುರ್ಗದ ಏರಿಗೆ ಅದು ಬೇಕೇ ಬೇಕು. ಶೀಶೆಯನ್ನು ನನ್ನ ಸೀಟಿನ ಕೆಳಗೆ ಇಟ್ಟು ಮೇಲೆ ಅಂಗಿ ಮುಚ್ಚಿದೆ. ಮೊದಲು ಭಟ್ಟಿಯ ಮೇಲಿನ ಭಾಗದ ಇದ್ದಿಲನ್ನು ಉದ್ದ ಸಲಾಕೆಯಿಂದ ಎಳೆದು ಹೊರಗೆ ಹಾಕಿದೆ, ಅಡಿಯಲ್ಲಿ ಒಂದು ಮೊಳ ಕೆಂಡ ಮಾತ್ರ ಬಿಟ್ಟೆ. ಆಮೇಲೆ ಮೇಲೆ ಉಳಿದಿದ್ದ ನಾಲ್ಕು ಚೀಲ ಇಳಿಸಿ ಸೇತುವೆಯ ಹತ್ತಿರ ತಂದೆವು. ರಸ್ತೆಯ ಮಣ್ಣಿನ ಮೇಲೆ ಸುರಿಯುವ ಹಾಗಿಲ್ಲ, ಮಣ್ಣು ಭಟ್ಟಿಗೆ ಹೋದರೆ ಕರಗಿ ಗಟ್ಟಿಯಾಗಿ ಕಿಂಡಿ ಮುಚ್ಚುತ್ತದೆ. ಸೇತುವೆಯ ಮೇಲೆ ಹಾಸಿದ್ದ ತಾಂಡೂರಿನ ಚಪ್ಪಡಿ ಕಲ್ಲುಗಳು ರೊಟ್ಟಿಯ ಹಂಚಿನಷ್ಟು ಕಾದಿದ್ದವು. ಎರಡು ಚೀಲ ಅಲ್ಲಿ ಹರವಿದೆವು. ಉಳಿದದ್ದಕ್ಕೆ ಜಾಗ ಇರಲಿಲ್ಲ.

ಕುರುಬರ ಅಜ್ಜ ಏನೂ ಮಾತಾಡದೆ ತನ್ನ ಹೊರೆ ಬಿಚ್ಚಿದ. ಒಂದೊಂದೇ ಕಂಬಳಿ ಝಾಡಿಸಿ ರಸ್ತೆಯುದ್ದಕ್ಕೂ ಹಾಸತೊಡಗಿದ.

"ಅಜ್ಜಾ, ಮಾರೋ ಕಂಬಳಿ ಹೊಲಸ ಆಗ್ತಾವ," ಎಂದೆ.

"ಕರೇ ಕಂಬಳಿ ಮ್ಯಾಲೆ ಕರೇ ಇದ್ದಲಿ, ಹೊಲಸ ಎಲ್ಲಿ ಕಾಣಬೇಕಪಾ?" ಎಂದ ಅಜ್ಜ. "ತಳದಾಗಿನ ಹಸಿ ಕಂಬಳಿ ಕುಡೀತದ. ಮ್ಯಾಲಿಂದು ಬಿಸಲು ನೋಡ್ಕೋತದ. ಸುರಿ."

ಸುರಿದೆವು. ಕೈಯಾಡಿಸಲು ಜನ ಬೇಕಿತ್ತು. ಕರೆಯುವ ಮೊದಲೇ ಸೊಸೆ ಬಂದು ಕುಕ್ಕರಗಾಲಲ್ಲಿ ಕೂತಳು. ನಾನು ಆಕೆಗೆ ಕುಲುಮೆಯ ಪರೀಕ್ಷೆ ಹೇಳಿಕೊಟ್ಟೆ. ಒಣಗಿದ ಇದ್ದಿಲನ್ನು ಕಲ್ಲಿನ ಮೇಲೆ ಬಿಟ್ಟರೆ ಟಣ್ ಎನ್ನುತ್ತದೆ, ಒದ್ದೆಯದು ದಬ್ ಎನ್ನುತ್ತದೆ. ಆಕೆ ಹತ್ತು ತುಂಡು ಬಿಟ್ಟು ಕೇಳಿದಳು, ಹನ್ನೊಂದನೆಯದನ್ನು ಕಲ್ಲಿನಿಂದ ಒಡೆದಳು. "ಅಣ್ಣಾ, ಹೊರಗ ಟಣ್ ಅಂತದ, ಒಳಗ ಇನ್ನಾ ತಂಪದ. ದೊಡ್ಡವು ಒಡೀಬೇಕು," ಎಂದಳು. ನನಗೆ ಅದು ಹೊಳೆದಿರಲಿಲ್ಲ. ಬಸ್ಸಿನ ಹೆಂಗಸರೆಲ್ಲ ಸುತ್ತ ಕೂತರು. ಒಡೆಯುವುದು, ಹೊರಳಿಸುವುದು, ಕಿವಿ ಕೊಟ್ಟು ಕೇಳುವುದು, ಟಣ್ ಅಂದದ್ದು ಚೀಲಕ್ಕೆ, ದಬ್ ಅಂದದ್ದು ಮತ್ತೆ ಬಿಸಿಲಿಗೆ. ಕಾಕಾ ಮೊದಲು ದೂರ ನಿಂತಿದ್ದರು. ಮಡಿಯ ಮನುಷ್ಯರು. ಆಮೇಲೆ ಹೆಗಲ ಮೇಲಿನ ಬಿಳಿಯ ಧೋತರವನ್ನು ತೆಗೆದು ಹಾಸಿ, ತಾವೇ ಅದರ ಮೇಲೆ ಬೊಗಸೆ ಬೊಗಸೆ ಸುರಿದುಕೊಂಡರು. ಕಂಡಕ್ಟರ್ ಅಷ್ಟರಲ್ಲಿ ನಾರನ್ನು ನಾಲ್ಕನೆಯ ಸಲ ತೊಳೆದು ಕಲ್ಲಿನ ಮೇಲೆ ಒಣಹಾಕಿದ್ದ. ನನ್ನ ಜೊತೆ ಮಾತು ಬಿಟ್ಟಿದ್ದ, ಕೆಲಸ ಬಿಟ್ಟಿರಲಿಲ್ಲ.

ಎರಡು ತಾಸು ಎಂದದ್ದು ಎರಡೂಕಾಲಾಯಿತು. ಭಟ್ಟಿ ತುಂಬಿ ಪಂಖ ತಿರುಗಿಸಿದೆ. ನಳಿಗೆಗೆ ಕಡ್ಡಿ ಹಿಡಿದರೆ ಹತ್ತಿತೋ ಇಲ್ಲವೋ ಗೊತ್ತಾಗಲಿಲ್ಲ, ಆ ಬಿಸಿಲಿನಲ್ಲಿ ನೀಲಿ ಜ್ವಾಲೆ ಕಣ್ಣಿಗೆ ಕಾಣದು. ಅಜ್ಜ ಮತ್ತು ಸೊಸೆ ಒಂದು ಕಂಬಳಿಯನ್ನು ಮೇಲೆ ಹಿಡಿದು ಕತ್ತಲು ಮಾಡಿದರು. ಅದರೊಳಗೆ ತಲೆ ತೂರಿಸಿ ನೋಡಿದೆ. ಬೆರಳುದ್ದದ ನೀಲಿ, ಅಲ್ಲಾಡದೆ ನಿಂತಿತ್ತು. ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಎಲ್ಲರಿಗೂ ಹೇಳಿದೆ.

ಅಲ್ಲಿಂದ ಮುಂದೆ ನಾನು ಬಸ್ಸನ್ನು ಓಡಿಸಿದೆ ಎನ್ನುವುದಕ್ಕಿಂತ ಅದರ ದನಿ ಕೇಳುತ್ತ ಕೂತೆ ಎನ್ನಬೇಕು. ಇದ್ದಿಲಿನ ಗಾಡಿಯನ್ನು ಅವಸರಪಡಿಸುವ ಹಾಗಿಲ್ಲ. ಏರಿಗೆ ಮುಂಚೆಯೇ ಗೇರು ಇಳಿಸಬೇಕು, ಇಳಿಜಾರಿನಲ್ಲಿ ಗ್ಯಾಸು ಉಳಿಸಬೇಕು, ನಿಲ್ಲಿಸಿದರೂ ಎಂಜಿನ್ನು ಆರಿಸಬಾರದು. ಹುಮನಾಬಾದಿನಲ್ಲಿ ಚಹಾ ಇಲ್ಲ ಎಂದು ಕಂಡಕ್ಟರ್ ಸಾರಿದ, ಯಾರೂ ತಕರಾರು ತೆಗೆಯಲಿಲ್ಲ. ಅಜ್ಜ ತನ್ನ ಕಂಬಳಿ ಝಾಡಿಸಿಕೊಂಡು ಇಳಿದ. ನಾನು ಕೈ ಮುಗಿದೆ. "ಗಾಡಿ ನೋಡ್ಕೋ, ಕೈ ಆಮ್ಯಾಲೆ ಮುಗಿ," ಎಂದ. ಉಮರ್ಗಾದಲ್ಲಿ ಚೀಲ ಸುರಿಯುವಾಗ ಪ್ರತಿಯೊಂದಕ್ಕೂ ಕೈ ಹಾಕಿ, ಒಂದೊಂದು ತುಂಡನ್ನು ಬಂಪರಿನ ಮೇಲೆ ಬಡಿದು, ಕೇಳಿಯೇ ಸುರಿದೆ. ನಳದುರ್ಗದ ಏರಿನಲ್ಲಿ ಬಸ್ಸು ಮತ್ತೆ ಉಸಿರು ಹಿಡಿಯಿತು. ಎಲ್ಲರೂ ಇಳಿದರು. ನಾನು ಸೀಟಿನ ಕೆಳಗಿನ ಶೀಶೆ ತೆಗೆದೆ, ಕಂಡಕ್ಟರ್ ಬಾನೆಟ್ಟಿನ ಪಕ್ಕ ಕೂತು ಚಮಚದ ಲೆಕ್ಕದಲ್ಲಿ ಪೆಟ್ರೋಲು ಹನಿಸಿದ, ಹಿಂದಿನಿಂದ ಹದಿನಾಲ್ಕು ಮಂದಿ ತಳ್ಳಿದರು. ಕನ್ನಡಿಯಲ್ಲಿ ಕಾಕಾರ ರುಮಾಲು ಕಾಣುತ್ತಿತ್ತು. ಏರಿನ ತುದಿಯಲ್ಲಿ ಶೀಶೆ ಖಾಲಿಯಾಯಿತು, ಭಟ್ಟಿ ತಾನೇ ಎಳೆಯತೊಡಗಿತು.

ನಾಕಾ ಮುಟ್ಟಿದಾಗ ಸೂರ್ಯ ಹೊಲದ ಬದುವಿನ ಮೇಲೆ ಇನ್ನೂ ಗೇಣುದ್ದ ಇದ್ದ. ಜವಾನ ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. ನಾಕೇದಾರರು ಬಸ್ಸಿನೊಳಗೆ ಇಣುಕಿ ಒಂದು ಹೆಜ್ಜೆ ಹಿಂದೆ ಸರಿದರು. ಒಳಗಿದ್ದವರೆಲ್ಲ ಮೊಣಕೈವರೆಗೆ ಕರ್ರಗಾಗಿದ್ದರು, ಕಾಕಾರ ವಿಭೂತಿಯ ಪಟ್ಟೆಗಳ ನಡುವೆಯೂ ಕಪ್ಪು.

"ಏನ್ರೀ ಇದು? ಇದ್ದಲಿ ಒಳಗ ತುಂಬೀರೋ, ಮಂದೀನ ಭಟ್ಟಿಗಿ ಹಾಕೀರೋ?" ಎಂದರು. ದಾಟುವವರು ರಿಜಿಸ್ಟರಿನಲ್ಲಿ ಗುರುತು ಹಾಕಬೇಕಿತ್ತು. ಜವಾನ ಹೆಬ್ಬೆಟ್ಟಿಗೆ ಮಸಿ ಡಬ್ಬಿ ತಂದ. ಕಾಕಾ ಅದನ್ನು ಪಕ್ಕಕ್ಕೆ ಸರಿಸಿ, ಉಗುಳು ಹಚ್ಚಿ ತಮ್ಮ ಕಪ್ಪು ಹೆಬ್ಬೆರಳನ್ನೇ ಒತ್ತಿದರು, ಗುರುತು ಚೊಕ್ಕವಾಗಿ ಬಿತ್ತು. ಸೊಸೆ ಮಾತ್ರ ಲೇಖನಿ ಕೇಳಿದಳು. ಉರ್ದುವಿನಲ್ಲಿ ತನ್ನ ಹೆಸರು, ಊರು ಬರೆದಳು. ನಾಕೇದಾರರು ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿ ಓದಿ, ಅಡ್ಡ ಮರ ಎತ್ತಿಸಿದರು.

ಸೊಲ್ಲಾಪುರದಲ್ಲಿ ದೀಪ ಹಚ್ಚುವ ಹೊತ್ತಿಗೆ ಇಳಿದೆವು. ಮರುದಿನ ಮಧ್ಯಾಹ್ನ ಕಾಕಾ ಒಬ್ಬರೇ ಮೋಟಾರ್ ಸ್ಟ್ಯಾಂಡಿಗೆ ಬಂದರು. ನಾನು ಕೇಳುವ ಮೊದಲೇ ಹೇಳಿದರು. ದೊಡ್ಡ ನರ್ಸಮ್ಮ ಎಲ್ಲರ ಕೈ ಮುಂದೆ ಚಾಚಿಸಿ ನೋಡಿದಳಂತೆ. ಸೊಸೆ ಸೀಗೆಪುಡಿ, ಬೂದಿ ಎಲ್ಲ ಹಾಕಿ ತಿಕ್ಕಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಇದೇನು ಎಂದಳಂತೆ ಆ ಅಮ್ಮ.

"ಆಕಿ ಹೇಳಾಕ ಅಂಜಿದಳು. ನಾನೇ ಮುಂದ ಹೋದೆ," ಎಂದರು ಕಾಕಾ. "ಇದ್ದಲಿ ಒಡದು, ಒಣಗಿಸಿ, ಬಸ್ಸು ನಡಿಸಿಕೊಂಡು ಬಂದಾಳ ನನ್ನ ಸೊಸಿ, ಬೇಕಂದ್ರ ನನ್ನ ಕೈನೂ ನೋಡ್ರಿ ಅಂತ ತೋರಿಸೀನಿ. ನಕ್ಕಳು ಆ ಅಮ್ಮ. ಹೆಸರು ಬರಕೊಂಡಳು."

ಹೇಳಿ ಮುಗಿಸಿ ಅವರು ತಮ್ಮ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

ವಾಪಸು ಪ್ರಯಾಣದಲ್ಲಿ ಕಾಕಾ ನನ್ನ ಪಕ್ಕದ ಸೀಟು ಹಿಡಿದರು. ಭಟ್ಟಿ ತುಂಬಲು ನಿಲ್ಲಿಸಿದಲ್ಲೆಲ್ಲ ನನಗಿಂತ ಮೊದಲು ಇಳಿದು, ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ, ಒಂದು ತುಂಡು ತೆಗೆದು ಕಲ್ಲಿನ ಮೇಲೆ ಬಿಟ್ಟು, ಕಿವಿ ಕೊಟ್ಟು ಕೇಳಿ, "ಒಣಾ ಅದ, ಹಾಕು," ಎನ್ನುತ್ತಿದ್ದರು. ಕಂಡಕ್ಟರ್ ಇದನ್ನು ನೋಡಿ ನಕ್ಕು, ಅಂದಿನಿಂದ ನನ್ನ ಜೊತೆ ಮತ್ತೆ ಮಾತಾಡತೊಡಗಿದ.

ಜಹೀರಾಬಾದಿನ ಸ್ಟ್ಯಾಂಡಿನಲ್ಲಿ ಮಾಲೀಕರು ಚಹಾದ ಅಂಗಡಿಯ ಮುಂದೆಯೇ ಕೂತಿದ್ದರು. ದಾರಿಯಲ್ಲಿ ಬಸ್ಸು ಅರ್ಧ ದಿನ ನಿಂತ ಸುದ್ದಿ ಆ ಲಾರಿಯವನಿಂದ ಅವರಿಗೆ ಮುಟ್ಟಿತ್ತು. ನಾನು ಎಲ್ಲ ಹೇಳಿಬಿಡಬೇಕೆಂದು ನಳದುರ್ಗದಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾರ ಊರಿನವರು ಯಾರೋ ಅವರನ್ನು ಕಂಡು, ಸೊಸೆ ಜೊತೆಗಿಲ್ಲದ್ದು ನೋಡಿ, "ಏನ್ ಕಾಕಾ, ಖರೇನೇ ಬಿಟ್ಟು ಬಂದ್ರಿ? ದಾರಿಯಾಗ ಅಪಶಕುನ ಆಗಿತ್ತಂತಲ್ಲ?" ಎಂದರು.

ಕಾಕಾ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಹೇಳಿದರು. "ಎಂಥಾ ಅಪಶಕುನ? ಹೂ ಬಲಕ್ಕೇ ಬಿದ್ದಿತ್ತು. ನಡುವ ಈ ಮಗ ನೀರು ಹಾಕಿದ್ದ."

ಮಾಲೀಕರು ನನ್ನ ಕಡೆ ನೋಡಿದರು. "ಹೌದ್ರಿ," ಎಂದೆ. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅದೊಂದೇ ಉಳಿದಿತ್ತು. ಅವರು ಕಾಕಾರ ಕಡೆ ತಿರುಗಿ ಕೇಳಿದರು, "ಮತ್ತ ಇಂಥಾಂವನ್ನ ಬಸ್ಸಿನ ಮ್ಯಾಲೆ ಇಟ್ಕೋಬೇಕಂತೀರೇನು?"

"ಇಟ್ಕೋರಿ," ಎಂದರು ಕಾಕಾ, ತಮ್ಮ ಕಪ್ಪಾದ ಧೋತರವನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳುತ್ತ. "ಮುಂದಿನ ವಾರ ಸೊಲ್ಲಾಪುರಕ್ಕ ನನ್ನ ಮಗಳಿಗಿ ರೊಟ್ಟಿ ಕೊಡಾಕ ಹೋಗಬೇಕು. ಚೀಲಾ ನಾ ನೋಡ್ಕೋತೀನಿ."